ಬೆನ್ನುಚೀಲದ ಒಳಜೇಬು

ಚಾರಣ ಸಂಘದ ಅಧ್ಯಕ್ಷರಾದ ಸರ್ವಮಂಗಳ ಮೇಡಂ ಅವರೇ, ವೇದಿಕೆಯ ಗಣ್ಯರೇ, ನಾಡಿದ್ದು ಹಿಮಾಲಯಕ್ಕೆ ಹೊರಟಿರುವ ಎಂಟು ಮಂದಿ ಮಕ್ಕಳೇ, ಮುಂದಿನ ಸಾಲಿನ ಚಂದ್ರಕ್ಕನವರೇ, ಮತ್ತು ಫ್ಯಾನಿನ ಕೆಳಗೇ ಜಾಗ ಹಿಡಿದಿರುವ ಜಾಣ ಸಭಿಕರೇ,

ರೆಕ್ಸಿನ್ ಚೀಲ ಹೊಲಿಯುವ ರಹಮತ್ ಉಲ್ಲಾನಿಗೆ ಸನ್ಮಾನ ಏಕೆ? ಸಂಘದ ಬೆನ್ನುಚೀಲಗಳನ್ನೆಲ್ಲ ನಾನೇ ಹೊಲಿದೆ, ನಿಜ. ಆದರೆ ಫ್ರಿಜ್ಜಿನಲ್ಲಿ ಮಾತ್ರ ಹಿಮ ಕಂಡ ಈ ದುರ್ಗದವರಿಗೆ ಹಿಮದ ಹುಚ್ಚು ಹಿಡಿಸಿದವನು ಜಂಪಣ್ಣ. ಚಂದ್ರಕ್ಕನ ಯಜಮಾನ, ಈ ಎಂಟು ಮಂದಿಯಲ್ಲೊಬ್ಬಳಾದ ಮೇಘಶ್ರೀಯ ತಂದೆ, ನನ್ನ ಗೆಳೆಯ.

ಎಂಥ ದಿನಗಳು ಸ್ವಾಮಿ ಅವು! ಭಾನುವಾರ ಬೆಳಗಾದರೆ ಅಂಗಡಿ ಮುಂದೆ ಬೈಕು ನಿಲ್ಲಿಸಿ, "ಲೇ ರಹಮತ್ತು, ಮಿಷನ್ ಮುಚ್ಚು, ಜೋಗಿಮಟ್ಟಿಗೆ ಹೋಗಾಣ" ಎಂದು ಕೂಗುತ್ತಿದ್ದ. ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ಅಭ್ಯಾಸ ಆಗಬೇಕಲ್ಲ, ನಮ್ಮಲ್ಲಿ ಹಿಮ ಎಲ್ಲಿ? ಭೀಮಸಮುದ್ರದಲ್ಲಿ ಅಡಿಕೆ ಸಿಪ್ಪೆಯ ರಾಶಿ ಇತ್ತು! ಹೂತಲ್ಲಿಂದಲೇ ಸಂಕೇತ ಕಳಿಸುವ ಬೀಕನ್ ಎಂಬ ಅಂಗೈಯಗಲದ ಯಂತ್ರವನ್ನು ಒಬ್ಬ ಸಿಪ್ಪೆಯಡಿ ಹೂಳುವುದು, ಇನ್ನೊಬ್ಬ ತನ್ನ ಬೀಕನ್ ಹಿಡಿದು ಅದರ ಸದ್ದಿನ ಜಾಡಿನಲ್ಲಿ ಹೋಗಿ, ಉದ್ದ ಸಲಾಕೆ ಚುಚ್ಚಿ ನೋಡಿ, ಸಲಿಕೆಯಿಂದ ಅಗೆಯುವುದು. ರಾಶಿಯ ಯಜಮಾನ ಬಂದು, "ಏನಪ್ಪ, ನಿಧಿ ಐತೇನು? ನಮಗೂ ಪಾಲು ಕೊಡ್ರಿ" ಅಂದಿದ್ದ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು. ಆ ನಗು ನನಗೆ ಇವತ್ತಿಗೂ ಬೇಕು.

ಸಲಕರಣೆಗಳ ಬಗ್ಗೆ ಐದು ನಿಮಿಷ ಮಾತಾಡಿ ಎಂದಿದ್ದರು, ಚೀಟಿ ಬರೆದು ತಂದಿದ್ದೆ. ಆದರೆ ಈಗಷ್ಟೇ ನಿರೂಪಕರು ಮೇಘಶ್ರೀಯನ್ನು ಕರೆಯುವಾಗ, "ತಂದೆಯಂತೆ ಅಸಡ್ಡೆ ಮಾಡದಿರಲಿ" ಎಂದರು. ಚಂದ್ರಕ್ಕ ತಲೆ ತಗ್ಗಿಸಿದರು. ಚೀಟಿ ಜೇಬಿನಲ್ಲೇ ಇರಲಿ.

ಬೀಕನ್ ಜೊತೆ ಒಂದು ಪಟ್ಟಿ ಬರುತ್ತದೆ. ಅದನ್ನು ಎದೆಗೆ ಬಿಗಿದು ಮೇಲೆ ಜಾಕೆಟ್ ಹಾಕಬೇಕು. ಆ ಪಟ್ಟಿಯ ಹೊಲಿಗೆ ನೋಡಿ ನನಗೆ ತಾತ್ಸಾರ ಬಂತು. ಇದಕ್ಕಿಂತ ಚೆಂದ ನಾನು ಮಾಡುತ್ತೇನೆಂದು ಜಂಪಣ್ಣನ ಚೀಲಕ್ಕೆ ಒಂದು ಒಳಜೇಬು ಹೊಲಿದೆ. ಮೆತ್ತನೆ ಸ್ಪಂಜು, ಎರಡೆಳೆ ದಾರ, ಒಳ್ಳೆ ಜಿಪ್ಪು. ಅವನು ಅನುಮಾನಿಸಿದ.

"ಮೈಮೇಲೇ ಇರ್ಬೇಕು ಅಂತಾರಲ್ಲೋ."

"ಚೀಲ ನಿನ್ನ ಮೈ ಬಿಟ್ಟು ಎಲ್ಲಿಗೆ ಹೋಗ್ತೈತೆ? ನನ್ನ ಹೊಲಿಗೆ ಮೇಲೆ ನಂಬಿಕೆ ಇಲ್ವೇನು?" ಎಂದು ಮುಖ ಊದಿಸಿಕೊಂಡೆ. ಅವನು ನನ್ನ ಮನಸ್ಸು ನೋಯಬಾರದೆಂದು ಬೀಕನ್ನನ್ನು ಆ ಜೇಬಿಗಿಟ್ಟ.

ಹನ್ನೊಂದು ವರ್ಷದ ಹಿಂದೆ, ಮನಾಲಿಯ ಆಚೆ, ನಮ್ಮ ಸಂಘದ ಚಾರಣ, ಮಧ್ಯಾಹ್ನ. ಜಂಪಣ್ಣ ಚೀಲ ಇಳಿಸಿ, "ತಿನ್ರಲೇ, ದುರ್ಗದ ಮಂಡಕ್ಕಿ" ಎಂದು ಎಲ್ಲರಿಗೂ ಹಂಚಿ, ಫೋಟೋ ತೆಗೆಯಲು ಇಪ್ಪತ್ತು ಹೆಜ್ಜೆ ಆಚೆ ಹೋದ. ಮೇಲಿಂದ ಹಿಮ ಬಂತು. ಬಂಡೆಯ ಪಕ್ಕ ನಿಂತಿದ್ದ ನಾವು ಉಳಿದೆವು. ಹಿಮದಡಿ ಸಿಕ್ಕವರಿಗೆ ಮೊದಲ ಹದಿನೈದು ನಿಮಿಷವೇ ಆಯುಸ್ಸು. ನನ್ನ ಕೈಲಿದ್ದ ಬೀಕನ್ ಸದ್ದು ಮಾಡಿತು, "ಸಿಕ್ಕ! ಸಿಕ್ಕ!" ಎಂದು ಕೂಗಿಕೊಂಡೆ. ಹನ್ನೆರಡು ನಿಮಿಷ ಹುಚ್ಚರಂತೆ ಅಗೆದೆವು. ಸಿಕ್ಕಿದ್ದು ಅವನು ಇಳಿಸಿಟ್ಟಿದ್ದ ಚೀಲ, ಅದರ ಒಳಜೇಬಿನಲ್ಲಿ ಬೀಕನ್. ನನ್ನ ಹೊಲಿಗೆಯ ಒಂದೆಳೆಯೂ ಬಿಚ್ಚಿರಲಿಲ್ಲ. ಜಂಪಣ್ಣ ಸಲಾಕೆಗೆ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ನಾವು ಅವನನ್ನು ಹೊತ್ತು ತಂದೆವು.

ಊರಿಗೆ ಬಂದ ಮೇಲೆ ಎಲ್ಲರೂ ಅಂದದ್ದು ಒಂದೇ ಮಾತು: ಜಂಪಣ್ಣ ಅಸಡ್ಡೆ ಮಾಡಿದ. ಇದೇ ಸಭಾಂಗಣದಲ್ಲಿ ವರ್ಷ ವರ್ಷವೂ ಅದನ್ನೇ ಪಾಠ ಹೇಳಿದೆವು. ನಾನೂ ತಲೆಯಾಡಿಸಿದೆ. ಯಾ ಅಲ್ಲಾ, ಎಷ್ಟು ಸಲ ತಲೆಯಾಡಿಸಿದೆ!

ಮೇಘಶ್ರೀ, ನನ್ನ ತಾಯಿ, ಬೆಳಿಗ್ಗೆ ಗುಡಾರ ಬಿಡುವ ಮುಂಚೆ ಬೀಕನ್ ಚಾಲೂ ಮಾಡಿ ಮೈಗೆ ಕಟ್ಟಿಕೋ. ಮರಳಿ ಬರುವ ತನಕ ಯಾರ ಮುಲಾಜಿಗೂ ಬಿಚ್ಚಬೇಡ. ಇಳಿಜಾರು ದಾಟುವಾಗ ಒಬ್ಬೊಬ್ಬರೇ ದಾಟಿರಿ, ಉಳಿದವರು ಕಣ್ಣಿಟ್ಟಿರಿ.

ಚಂದ್ರಕ್ಕ, ಮೊದಲ ವರ್ಷದ ತಿಥಿಯ ದಿನ ನೀವು ಅವನ ಫೋಟೋ ಮುಂದೆ ನಿಂತು, "ಒಂದು ಪಟ್ಟಿ ಕಟ್ಕಳಾಕೆ ಏನಾಗಿತ್ತು ನಿಮಗೆ?" ಎಂದು ಅತ್ತು ಬಯ್ದಿರಿ. ನಾನು ಬಾಗಿಲಲ್ಲೇ ಇದ್ದೆ, ಸುಮ್ಮನೆ ಕೇಳಿಸಿಕೊಂಡೆ. ನಿಮ್ಮ ಯಜಮಾನ ಅಸಡ್ಡೆ ಮಾಡಲಿಲ್ಲಕ್ಕ. ಗೆಳೆಯನ ಮಾತು ಮೀರಲಿಲ್ಲ, ಅಷ್ಟೇ. ಇನ್ನು ಅವನನ್ನು ಬಯ್ಯಬೇಡಿ. ಬಯ್ಯುವುದಿದ್ದರೆ ನಾನು ಇಲ್ಲೇ ನಿಂತಿದ್ದೇನೆ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.