ಹೊಗೆ ಏಳುವ ಮನೆ

ಮೈಕು ಕೈಗೆ ಸಿಕ್ಕರೂ ನಾಲ್ಕೇ ಮಾತಿನಲ್ಲಿ ಮುಗಿಸಿದ ಅಪರೂಪದ ಅಧ್ಯಕ್ಷರಾದ ಬಸವಲಿಂಗಪ್ಪನವರೇ, ವೇದಿಕೆಯ ಮೇಲಿನ ಗಣ್ಯರೇ, ಈ ಹೊರನಾಡ ನಗರದಲ್ಲಿ ಕಾಚಿಗೂಡದಿಂದ ಕೊಂಡಾಪುರದವರೆಗೆ ಹರಡಿಕೊಂಡಿದ್ದರೂ ವರ್ಷಕ್ಕೊಮ್ಮೆ ಒಂದೇ ಸೂರಿನಡಿ ಕನ್ನಡ ಮಾತಾಡಲು ಬರುವ ನನ್ನ ಪ್ರೀತಿಯ ಸಭಿಕರೇ,

ಅರ್ಧ ಗಂಟೆಯಿಂದ ಇಲ್ಲಿ ಈ ಜಯತೀರ್ಥನನ್ನು ಹೊಗಳಲಾಯಿತು. ಮೂವತ್ತೊಂದು ವರ್ಷ ಸರ್ಕಾರದ ಅಂಕಿಅಂಶಗಳ ಕಚೇರಿಯಲ್ಲಿ ಕೂತು ಜನರ ಮನೆಯ ಹೊಗೆ ಎಣಿಸಿದವನಿಗೆ ಹೊಗಳಿಕೆ ಹೊಸದು. ಹೊಗೆಗೂ ಹೊಗಳಿಕೆಗೂ ಗುಣ ಒಂದೇ. ಹೆಚ್ಚಾದರೆ ಕಣ್ಣು ಕಾಣುವುದಿಲ್ಲ.

ನಾಡು ಬೆಳೆಯುವುದಕ್ಕೂ, ನಾವು ಉರಿಸುವುದಕ್ಕೂ, ಆಕಾಶಕ್ಕೆ ಏರುವ ಇಂಗಾಲಕ್ಕೂ ಏನು ನಂಟು? ಇಂದು ನನಗೆ ಕೊಟ್ಟಿರುವ ವಿಷಯ ಇದು. ನನ್ನ ವಯಸ್ಸಿನ ಮೊದಲರ್ಧದಲ್ಲಿ ಕೇಳಿದ್ದರೆ ಒಂದೇ ಉಸಿರಿಗೆ ಉತ್ತರ ಹೇಳುತ್ತಿದ್ದೆ. ಸಂಬಳ ಏರಿದರೆ ಮನೆಗೆ ಫ್ಯಾನು ಬರುತ್ತದೆ, ಫ್ರಿಜ್ಜು ಬರುತ್ತದೆ, ಸ್ಕೂಟರು ಬರುತ್ತದೆ. ಅದಕ್ಕಾಗಿ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ. ಒಂದು ಗೆರೆ ಏರಿದರೆ ಉಳಿದೆರಡೂ ಏರಲೇಬೇಕು. ಹಿಮಾಯತ್‌ನಗರದ ನಮ್ಮ ಕಚೇರಿಯ ಕರಿಹಲಗೆಯ ಮೇಲೆ ಈ ಮೂರು ಗೆರೆಗಳನ್ನು ನಾನು ಎಷ್ಟು ಸಲ ಎಳೆದಿದ್ದೇನೋ, ಸೀಮೆಸುಣ್ಣದ ಕಡ್ಡಿಗಳಿಗೇ ಗೊತ್ತು.

ಎಂಬತ್ತಮೂರರಲ್ಲಿ ನಗರದ ನಾನೂರು ಮನೆಗಳ ಸಮೀಕ್ಷೆ ನಡೆಯಿತು. ಆದಾಯ ಎಷ್ಟು, ಉರುವಲು ಎಷ್ಟು, ಹೊಗೆಯಿಂದ ತೊಂದರೆ ಇದೆಯೇ. ಪ್ರಶ್ನೆ ಬರೆದವನು ನಾನು. ಮನೆಗಳನ್ನು ಚೀಟಿ ಎತ್ತಿ ಆರಿಸಿದೆವು. ನೋಡಿ ತಮಾಷೆ, ಕಾಚಿಗೂಡದ ನನ್ನ ಮನೆಯ ಚೀಟಿಯೇ ಬಂತು! ಸ್ವಂತ ಮನೆಯ ಫಾರ್ಮು ತಾನೇ ತುಂಬುವಂತಿರಲಿಲ್ಲ. ನನ್ನ ಕೈಕೆಳಗಿದ್ದ ತಿಪ್ಪೇಸ್ವಾಮಿ ಬಂದ.

ನಮ್ಮ ತಾಯಿ ಗೋದಾಬಾಯಿಯವರು ಕಡು ಮಡಿಯವರು. ಅಡುಗೆ ಆಗಬೇಕಾದದ್ದು ಇದ್ದಲಿನ ಶೇಗಡಿ ಒಲೆಯ ಮೇಲೆಯೇ. ಊದುವುದು ಮಾತ್ರ ಸೊಸೆ, ಅಂದರೆ ನನ್ನ ಹೆಂಡತಿ ಶಾಮಲಾ. ನನಗೆ ಬಡ್ತಿ ಸಿಕ್ಕಿ ಬಂಧುಬಳಗ ಹೆಚ್ಚಿದ ಮೇಲೆ ತಿಂಗಳಿಗೆ ಒಂದು ಚೀಲವಿದ್ದ ಇದ್ದಲು ಎರಡಾಗಿತ್ತು. ನನ್ನ ಸಿದ್ಧಾಂತ ನನ್ನ ಅಡುಗೆಮನೆಯಲ್ಲೇ ಸಾಬೀತಾಗಿತ್ತು, ನಾನು ಬೀಗಿದ್ದೆ.

ತಿಪ್ಪೇಸ್ವಾಮಿ ಹೊಗೆಯ ಪ್ರಶ್ನೆ ಕೇಳಿದ. ತಾಯಿ ನಕ್ಕುಬಿಟ್ಟರು. "ತೊಂದ್ರಿ ಎಂಥಾದ್ದೋ ತಮ್ಮಾ? ಹೊಗಿ ಏಳೋ ಮನಿ ಅಂದ್ರ ಉಣ್ಣೋ ಮನಿ. ಹೊಗಿ ಏಳಲಿಲ್ಲಂದ್ರ ತೊಂದ್ರಿ!" ಬಾಗಿಲ ಹಿಂದೆ ನಿಂತಿದ್ದ ಶಾಮಲಾ ಏನೂ ಅನ್ನಲಿಲ್ಲ. ಕೆಮ್ಮಿದಳು. ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೆಮ್ಮಿದಳು.

ಮರುದಿನ ತಿಪ್ಪೇಸ್ವಾಮಿ ನನ್ನ ಮೇಜಿನ ಮುಂದೆ ನಿಂತ. "ಸಾರ್, ಫಾರ್ಮಲ್ಲಿ ಮಾತು ಬರೀಲಾ, ಕೆಮ್ಮು ಬರೀಲಾ?"

ಸಭಿಕರೇ, ಎಂಥ ಪ್ರಶ್ನೆ! ನಾನು ತಲೆ ಎತ್ತದೆ ಹೇಳಿದೆ: "ನಿಯಮದ ಪ್ರಕಾರ ಮಾತು ಬರಿ." ಅವನು "ಇಲ್ಲ" ಎಂದು ಬರೆದ.

ಎರಡು ವರ್ಷ ಕಳೆದ ಮೇಲೆ, ಶಾಮಲಾಳ ಎದೆ ಪರೀಕ್ಷಿಸಿದ ಡಾಕ್ಟರು, ಈ ಹೊಗೆ ನಿಲ್ಲಲೇಬೇಕು ಎಂದರು. ದೊಡ್ಡ ಸಾಹೇಬರ ಎದುರು ಅಂಕಿ ಹಿಡಿದು ವಾದಿಸುತ್ತಿದ್ದ ನನಗೆ ತಾಯಿಯ ಎದುರು ಬಾಯಿ ಬರಲಿಲ್ಲ. ಶಾಮಲಾ ತಾನೇ ಗ್ಯಾಸು ತರಿಸಿದಳು. ತಾಯಿ ಹೌಹಾರಿದರು. "ಆ ಸಿಲಿಂಡರ್ ಯಾರ್ಯಾರು ಮುಟ್ಯಾರೋ ಏನೋ! ಮಡಿಗೆ ಬರೂದಿಲ್ಲ." ಶಾಮಲಾ ಜಗಳ ಆಡಲಿಲ್ಲ. ಸಿಲಿಂಡರಿನ ಮೇಲೆ ಎರಡು ಕೊಡ ನೀರು ಸುರಿದಳು, ಒಗೆದು ಮಡಿಯಲ್ಲಿ ಒಣಗಿಸಿದ್ದ ಪಂಚೆಯೊಂದನ್ನು ಅದಕ್ಕೆ ಸುತ್ತಿದಳು. "ಅತ್ಯಾ, ಈಗ ಅದೂ ಸ್ನಾನ ಮಾಡಿ ಮಡಿ ಉಟ್ಟದ ನೋಡ್ರಿ."

ತಾಯಿ ಸಿಲಿಂಡರಿನ ಸುತ್ತ ಒಂದು ಸುತ್ತು ಬಂದರು. "ನನ್ನ ಮಗನಕಿಂತ ಚೊಲೋ ಉಟ್ಟದ ಬಿಡು" ಎಂದು ನಕ್ಕು ತಾವೇ ಒಲೆ ಹಚ್ಚಿದರು.

ಆ ವರ್ಷ ನನ್ನ ಸಂಬಳ ಏರಿತ್ತು, ಮನೆಯಲ್ಲಿ ಉಣ್ಣುವವರು ಹೆಚ್ಚಿದ್ದರು, ಇದ್ದಲು ಮಾತ್ರ ಸೊನ್ನೆ. ನನ್ನ ಗೆರೆ ಬಾಗಿತ್ತು. ಬೆಳೆಯುತ್ತಲೇ ಕಡಿಮೆ ಉರಿಸಬಹುದು ಎಂದು ನಾನು ಮುಂದೆ ಬರೆದದ್ದೆಲ್ಲ ಅಲ್ಲಿಂದ ಹುಟ್ಟಿದ್ದು. ಇಷ್ಟಕ್ಕೇ ಚಪ್ಪಾಳೆ ಬೇಡ. ಕೊಂಡಾಪುರದಲ್ಲಿ ನನ್ನ ಮಗಳ ಮನೆಯಲ್ಲಿ ಹೊಗೆಯೇ ಇಲ್ಲ, ಆದರೆ ಕೋಣೆಗೊಂದು ಏಸಿ ಇದೆ. ಆ ಹೊಗೆ ಇನ್ನೆಲ್ಲೋ ವಿದ್ಯುತ್ ಸ್ಥಾವರದ ಚಿಮಣಿಯಿಂದ ಏಳುತ್ತಿದೆ, ಇನ್ಯಾರೋ ಕೆಮ್ಮುತ್ತಿದ್ದಾರೆ. ಆದಾಯಕ್ಕಿಂತ ಹೊಗೆ ನಿಧಾನವಾಗಿ ಏರಿದರೆ ಅದನ್ನು ಇಳಿದಿದೆ ಎನ್ನಲಾದೀತೇ? ಗೆರೆ ತಾನಾಗಿ ಬಾಗುವುದಿಲ್ಲ. ತೊಂದರೆ ಆದವರ ತೊಂದರೆಯನ್ನು ಮೊದಲು ಯಾರಾದರೂ ಬರೆದುಕೊಳ್ಳಬೇಕು. ನಾನು ಬರೆದುಕೊಳ್ಳಲಿಲ್ಲ.

ಸಂಘದವರು ಇಂದು ನನ್ನ ಲೇಖನಗಳನ್ನು ಅಚ್ಚು ಹಾಕಿಸಿ ನಿಮ್ಮ ಕೈಗೆ ಕೊಟ್ಟಿದ್ದಾರೆ. ಪುಟ ನಲವತ್ತೇಳು ತೆಗೆಯಿರಿ. ಎಂಬತ್ತಮೂರರ ಪಟ್ಟಿ ಅಲ್ಲಿದೆ. ಹೊಗೆಯಿಂದ ತೊಂದರೆ ಇರುವ ಮನೆಗಳು, ಇನ್ನೂರ ಹನ್ನೊಂದು. ಮೂರನೆಯ ಸಾಲಿನಲ್ಲಿ ಕೂತ ಶಾಮಲಾ ಸಾಕು ಸಾಕು ಎಂದು ಕೈಸನ್ನೆ ಮಾಡುತ್ತಿದ್ದಾಳೆ. ಇಪ್ಪತ್ತೇಳು ವರ್ಷದ ಹಿಂದೆ ಆಕೆ ಸುಮ್ಮನಿದ್ದಳೆಂದು ನಾನೂ ಸುಮ್ಮನಿದ್ದೆ. ಇಂದು ಆಕೆ ಸುಮ್ಮನಿರಿ ಎಂದರೂ ಇರುವುದಿಲ್ಲ. ಶಾಮಲಾ, ನನ್ನದು ತಪ್ಪಾಯಿತು.

ಒಂದು ಮನೆ ಹೆಚ್ಚಾದರೆ ಶೇಕಡಾವಾರಿನಲ್ಲಿ ವ್ಯತ್ಯಾಸ ಬರೀ ಕಾಲು. ಯಾವ ಸಿದ್ಧಾಂತವೂ ಅಲುಗುವುದಿಲ್ಲ. ಆದರೂ ಪೆನ್ನು ಇದ್ದವರು ದಯವಿಟ್ಟು ತೆಗೆಯಿರಿ. ಇಲ್ಲದವರು ಪಕ್ಕದವರದನ್ನು ಪಡೆಯಿರಿ. ಇನ್ನೂರ ಹನ್ನೊಂದನ್ನು ಹೊಡೆದುಹಾಕಿ ಇನ್ನೂರ ಹನ್ನೆರಡು ಎಂದು ಬರೆದುಕೊಳ್ಳಿ.

ತಿದ್ದಿದ ಕೈಗಳಿಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.