ಹಿಂದಕ್ಕೆ ಬಂದ ಬಸ್ಸು

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಡ್ರೈವರ್ ಸಮವಸ್ತ್ರದ ಅಪ್ಪ, ಪಕ್ಕದಲ್ಲಿ ಮಗಳು. ತೆರೆದ ನೋಟ್‌ಬುಕ್ಕಿನ ಮೇಲೆ ಮಧ್ಯಾಹ್ನದ ಬಿಸಿಲು ತೂಕಡಿಸುತ್ತಿತ್ತು.

“ಅಪ್ಪ, ಸೆಕೆಂಡಿಗೆ ಇಪ್ಪತ್ತು ಮೀಟರ್ ಓಡೋ ಬಸ್ಸಿಗೆ ಬ್ರೇಕ್ ಹಾಕ್ತಾರೆ. ಪ್ರತಿ ಸೆಕೆಂಡಿಗೂ ವೇಗ ಐದೈದು ಇಳಿಯುತ್ತೆ. ಆರು ಸೆಕೆಂಡಲ್ಲಿ ಎಷ್ಟು ದೂರ ಹೋಗುತ್ತೆ? ಸೂತ್ರಕ್ಕೆ ಹಾಕಿದ್ರೆ ಮೂವತ್ತು ಬಂತು. ಪುಸ್ತಕದಲ್ಲಿ ನಲವತ್ತು ಅಂತಿದೆ.”

“ಇಪ್ಪತ್ತರಲ್ಲಿ ಐದೈದು ಕಳೀತಾ ಹೋದ್ರೆ ನಾಲ್ಕನೇ ಸೆಕೆಂಡಿಗೇ ನಿಂತೋಯ್ತಲ್ಲೇ.”

“ಉಳಿದ ಎರಡು ಸೆಕೆಂಡು?”

“ನಿಂತೇ ಇರುತ್ತೆ. ಬಸ್ಸು ನಿಂತ್ರೂ ನೀನು ಸೂತ್ರ ನಿಲ್ಲಿಸ್ಲಿಲ್ಲ. ಅದಕ್ಕೇ ಅದು ಹತ್ತು ಮೀಟರ್ ಹಿಂದಕ್ಕೆ ಬಂದಿದೆ.”

“ಅಯ್ಯೋ! ನಿನ್ನ ಬಸ್ಸು ಯಾವತ್ತಾದ್ರೂ ಹಾಗೆ ಬಂದಿತ್ತಾ?”

“ಬ್ರೇಕ್ ತುಳಿದ್ರೆ ಹಿಂದಕ್ಕೆ ಬರೋ ಬಸ್ಸು ನಂಗ್ಯಾರು ಕೊಟ್ರು? ಕೊಟ್ಟಿದ್ರೆ ಕಾಲು ಎತ್ತುತ್ತಲೇ ಇರ್ಲಿಲ್ಲ.”

“ಎಲ್ಲೀವರೆಗೆ?”

“ನಿಮ್ಮಮ್ಮ ಮೊದಲನೇ ಸಲ ಕೈ ಅಡ್ಡ ಹಿಡಿದು ಹತ್ತಿದ ಸ್ಟಾಪಿನವರೆಗೆ.”

“ಅಲ್ಲಾದ್ರೂ ಅಮ್ಮ ಇರ್ತಾಳೆ.”

ಮಗಳು ಮೂವತ್ತನ್ನು ಅಳಿಸಲು ರಬ್ಬರು ಎತ್ತಿದಳು. ಅಪ್ಪ ಅವಳ ಕೈ ಹಿಡಿದ.

“ನಾಳೆ ಪರೀಕ್ಷೇಲಿ ನಲವತ್ತು ಬರಿ. ಇದು ಇಲ್ಲಿ ಹೀಗೇ ಇರ್ಲಿ.”

ಬಸ್ಸು ಕುಲುಕದೆ ನಿಂತಿತು. ಇಬ್ಬರೂ ಇಳಿದರು. ಬಸ್ಸು ಮತ್ತೆ ಮುಂದಕ್ಕೇ ಹೊರಟಿತು.