ಬ್ರೇಕಿನ ಕಾಲು

…ಅದಲ್ಲ ಪುಟ್ಟಿ, ನಾನು ಕೇಳಿದ್ದು ಬರೀ ಮುಲಾಮು. ಕಾಲುನೋವಿಗೆ ಹಚ್ಚೋ ಮುಲಾಮು, ಅಷ್ಟೇ. ನೀನು ನೋಡಿದ್ರೆ ಯಾವಾಗಿಂದ ನೋವು, ಏನೇನು ಮಾತ್ರೆ ತಗೋತೀರ ಮಾಮ ಅಂತ ಶುರು ಮಾಡಿದ್ಯಲ್ಲ. ನನ್ನ ಬಸ್ಸಲ್ಲೇ ಕಾಲೇಜಿಗೆ ಹೋಗಿ ಕಲಿತು ಬಂದವಳು, ಕಲಿತದ್ದನ್ನೆಲ್ಲ ಈಗ ನನ್ನ ಮೇಲೇ ಪ್ರಯೋಗ ಮಾಡ್ತೀಯಾ? ನಗು, ನಗು.

ಬೇಗ ಕೊಡಮ್ಮ. ಬಸ್ಸು ನಿನ್ನ ಔಷಧಿ ಅಂಗಡಿ ಎದುರಿಗೇ ನಿಂತಿದೆ. ಕಂಡಕ್ಟರ್ ಆಗ್ಲೇ ಎರಡು ಸಲ ಸೀಟಿ ಊದಿದ.

ಹೂಂ… ತಗೋತೀನಿ. ಕೊಲೆಸ್ಟ್ರಾಲ್ ಮಾತ್ರೆ. ಡಿಪೋ ಡಾಕ್ಟರು ಬರೆದಿದ್ದು. ಜಾಸ್ತಿ ಇದೆ, ಮೂರು ತಿಂಗಳಿಗೆ ಮತ್ತೆ ರಕ್ತ ನೋಡ್ತೀನಿ ಅಂದ್ರು. ಅಷ್ಟಕ್ಕೇ ನನ್ನ ಜೀವ ಬಾಯಿಗೆ ಬಂತು. ಇಳೀದಿದ್ರೆ ಸ್ಟೀರಿಂಗ್ ಬಿಡಿಸ್ತಾರೆ ಪುಟ್ಟಿ. ನನ್ನ ಜೊತೆಗಾರನ್ನ ಹೀಗೇ ಬಿಡಿಸಿ ಡಿಪೋ ಗೇಟಿನ ಹತ್ರ ಕುರ್ಚಿ ಹಾಕಿ ಕೂರಿಸಿದ್ದಾರೆ, ಬಂದ ಬಸ್ಸಿನ ನಂಬರ್ ಬರ್ಕೊಳ್ಳೋಕೆ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು ಅವನು.

ಅದಕ್ಕೇ… ಏನಿಲ್ಲ ಬಿಡು. ಯಾಕೆ ಹಾಗೆ ನೋಡ್ತೀಯ? ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದ್ಕೊಂಡ್ಯಾ? ಸರಿ, ಹೇಳ್ತೀನಿ. ಪೇಟೆಯಲ್ಲಿ ಇನ್ನೊಬ್ಬ ಡಾಕ್ಟರಿಗೂ ತೋರಿಸಿದೆ. ಒಂದಕ್ಕೆ ಎರಡಾದ್ರೆ ಬೇಗ ಇಳಿಯತ್ತೆ ಅಂತ. ಇಲ್ಲ, ಇವರ ಸುದ್ದಿ ಅವರಿಗೆ ಹೇಳಿಲ್ಲ, ಅವರ ಸುದ್ದಿ ಇವರಿಗೆ ಹೇಳಿಲ್ಲ. ಹೇಳಿದ್ರೆ 'ಅದನ್ನೇ ನುಂಗಯ್ಯ' ಅಂತ ವಾಪಸ್ ಕಳಿಸ್ತಿದ್ರು. ಎರಡೂ ಬೇರೆ ಬೇರೆ ಮಾತ್ರೆ. ಒಂದು ಬಿಳಿ, ಒಂದು ಕೆಂಪು. ಜೇಬಲ್ಲೇ ಇವೆ, ನೋಡ್ಕೋ.

ಎಲ್ಲಿ? ಈ ಇರುವೆ ಸಾಲಿನಂಥ ಅಕ್ಷರಾನಾ? ನನ್ನ ಕಣ್ಣಿಗೆ ಅದೆಲ್ಲಿ ಕಾಣತ್ತೆ… ಎರಡರಲ್ಲೂ ಒಂದೇ ಬರೆದಿದೆಯಾ? ಮೇಲೆ ದೊಡ್ಡದಾಗಿರೋದು ಬೇರೆ ಬೇರೆ ಇದೆಯಲ್ಲ… ಓ, ಅದು ಕಂಪನಿ ಇಟ್ಟ ಹೆಸರು. ಒಳಗಿರೋದು ಒಂದೇ ಔಷಧಿ. ಅಂದ್ರೆ ನಾನು ದಿನಾ… ಎರಡರಷ್ಟು.

ಆದ್ರೆ ಇಳೀತಲ್ಲ! ಮೊನ್ನೆ ಡಿಪೋ ಡಾಕ್ಟರು ಬೆನ್ನು ತಟ್ಟಿದ್ರು ಗೊತ್ತಾ? …ಹೌದಮ್ಮ, ಅತಿಯಾದ್ರೆ ಅಮೃತಾನೂ ವಿಷ, ನನಗೇ ಗಾದೆ ಹೇಳ್ಬೇಡ.

ನೋವಾ? ಮೂರು ವಾರದಿಂದ. ತೊಡೆ, ಮೀನಖಂಡ, ಎಲ್ಲಾ. ಬಸ್ಸು ಹತ್ತೋಕೆ ಕಂಬಿ ಹಿಡ್ಕೊಂಡು ಮೈ ಎಳ್ಕೋಬೇಕು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದೆ… ಮೂತ್ರದ ಬಣ್ಣಾನಾ? ಅಯ್ಯೋ, ಮಾಮನ್ನ ಕೇಳೋ ಪ್ರಶ್ನೆನಾ ಅದು? …ಕಪ್ಪಗೆ. ಹಾಲಿಲ್ಲದ ಚಹಾ ಥರ. ಎರಡು ದಿನದಿಂದ. ನೀರು ಕಮ್ಮಿ ಕುಡಿದದ್ದಕ್ಕೆ ಅಂದ್ಕೊಂಡೆ.

ಆಸ್ಪತ್ರೆಗಾ? ಈಗಲೇ ಅಂದ್ರೆ ಈಗಲೇನಾ? ಮಾಂಸಖಂಡ ಕರಗಿ ಮೂತ್ರಪಿಂಡಕ್ಕೆ ಹೊಡೆಯತ್ತಾ? ಹೆದರಿಸ್ಬೇಡ ಪುಟ್ಟಿ. ಸರಿ ಸರಿ, ಆಸ್ಪತ್ರೆಯವರು ನೋಡೋ ತನಕ ಎರಡನ್ನೂ ಮುಟ್ಟಲ್ಲ. ಆಮೇಲೆ ಅವರು ಹೇಳಿದಷ್ಟೇ, ನಾನಾಗಿ ಬಿಡೋದೂ ಇಲ್ಲ, ಸೇರಿಸೋದೂ ಇಲ್ಲ. ಇಬ್ಬರಿಗೂ ನಿಜ ಹೇಳ್ತೀನಿ. ಆಯ್ತಾ? ಈ ಒಂದು ಟ್ರಿಪ್ ಮುಗಿಸಿ, ಸಂಜೆ… ಮುಲಾಮು ಯಾಕೆ ಒಳಗಿಟ್ಟೆ?

ಕಾಲು ಗಟ್ಟಿಯಾಗೇ ಇದೆ, ಓಡಿಸೋಕೆ ಏನೂ ತೊಂದರೆ ಇಲ್ಲ.

ನಿನ್ನೆನಾ? ನಿನ್ನೆ ಏನು… ಓ, ನಿನ್ನ ಮಗಳು ಹೇಳಿದ್ಲಾ? ಹಣೆ ಬಾವು ಇಳೀತಾ? ಸೀಟಿನ ಮುಂದಿನ ಕಂಬಿ ತಗುಲ್ತು ಅಷ್ಟೇ. ಶಾಲೆ ಹತ್ರ ನಾಯಿ ಅಡ್ಡ ಬಂತು ಕಣೇ. ಗಕ್ಕನೆ ಹ್ಯಾಂಡ್‌ಬ್ರೇಕ್ ಎಳೆದೆ. ಕಂದು ನಾಯಿ. ಇಷ್ಟು ಎತ್ತರ.



ಏನು? ನಿನ್ನ ಮಗಳು ಯಾವ ನಾಯೀನೂ ನೋಡ್ಲಿಲ್ಲ ಅಂದ್ಲಾ?

ಹೌದು. ಅವಳು ಮುಂದಿನ ಸೀಟಲ್ಲೇ ಕೂತಿದ್ಲು. ರಸ್ತೆಯೆಲ್ಲ ಕಂಡಿರತ್ತೆ ಅವಳಿಗೆ.

ನಾಯಿ ಇರ್ಲಿಲ್ಲ ಪುಟ್ಟಿ. ಮಕ್ಕಳು ದಾಟ್ತಿದ್ರು. ಬ್ರೇಕ್ ಮೇಲೆ ಕಾಲಿಟ್ಟೆ, ಒತ್ತು ಒತ್ತು ಅಂತೀನಿ… ಕಾಲು ನನ್ನ ಮಾತೇ ಕೇಳ್ಲಿಲ್ಲ. ಬಸ್ಸು ನಿಂತಾಗ ಕೊನೇ ಮಗು ಒಂದು ಮೊಳ ದೂರದಲ್ಲಿತ್ತು. ಚೀಲ ತಬ್ಕೊಂಡು ನನ್ನನ್ನೇ ನೋಡ್ತಿತ್ತು.

ತಗೋ, ಬಸ್ಸಿನ ಕೀ. ನೀನೇ ಹೋಗಿ ಕಂಡಕ್ಟರಿಗೆ ಕೊಟ್ಟು ಬಾ. ನಾನು ಹೋದ್ರೆ ಮತ್ತೆ ಹತ್ತಿ ಕೂತ್ಬಿಡ್ತೀನಿ.